ಒಡತಮ್ಮನ ಊರಿನಲ್ಲಿ ಹಾಲು ಒಡೆದದ್ದು

ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ‘ಈ ತಾಲ್ಲೂಕಿನಲ್ಲಿ ಇಂಗ್ಲಿಷ್ ಅಂದರೆ ನಮ್ಮ ಮೇಡಮ್ಮು’ ಎಂದು ಹೆಡ್‌ಮಾಸ್ತರರಿಂದ ಹೊಗಳಿಸಿಕೊಂಡವಳು ನಾನು. ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಗೊತ್ತಾಗಲು ಫ್ರಾನ್ಸಿನ ಒಂದು ದನದ ಕೊಟ್ಟಿಗೆಯವರೆಗೆ ಹೋಗಬೇಕಾಯಿತು. ಅಲ್ಲಿ ಗೌರಮ್ಮ ನನ್ನ ಮೊಣಕೈ ತಿವಿದು, “ಅಸ ಸೊರೆ ಬುಟ್ಟದಾ ಕೇಳಿ ಟೀಚರಮ್ಮ” ಅಂದಳು. ಕರು ಮೊಲೆಗೆ ಬಾಯಿ ಹಾಕಿದಾಗ ಹಸು ಮನಸ್ಸು ಕರಗಿ ಹಾಲನ್ನು ಕೆಚ್ಚಲಿಗೆ ಇಳಿಸುತ್ತದಲ್ಲ, ಅದಕ್ಕೆ ಸೊರೆ ಬಿಡುವುದು ಅನ್ನುತ್ತೇವೆ. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ನನಗೆ ಡ್ಯಾಫೊಡಿಲ್ ಹೂವಿನ ವರ್ಣನೆ ಗೊತ್ತು, ಕರ್ಮಣಿ ಪ್ರಯೋಗದ ಹನ್ನೆರಡು ವಿಧ ಗೊತ್ತು. ಹಸುವಿನ ಹತ್ತಿರ ಮಾತ್ರ ನನ್ನ ಇಂಗ್ಲಿಷ್ ಸೊರೆ ಬಿಡಲಿಲ್ಲ.

ಗೌರಮ್ಮ ಯಾರು ಎಂದು ಮೊದಲು ಹೇಳಬೇಕು. ನಾಗಮಂಗಲ ತಾಲ್ಲೂಕಿನ ದೇವಲಾಪುರದಲ್ಲಿ ನಾನು ಮೇಷ್ಟರ ಕೆಲಸಕ್ಕೆ ಸೇರಿದ ವಾರವೇ ಹಿತ್ತಾಳೆ ಚೊಂಬು ಹಿಡಿದು ಬಾಗಿಲಿಗೆ ಬಂದವಳು. “ಆಲು ಬೇಕಾ?” ಅಂದಳು. ಬೇಕು ಅಂದೆ. ಆಮೇಲೆ ಹತ್ತೊಂಬತ್ತು ವರ್ಷ ಹಾಲು ತಂದು ಹಾಕಿದಳು. ನಾನು ಪಾಂಡವಪುರದಲ್ಲಿ ಮನೆ ಕಟ್ಟಿಕೊಂಡು ಬಂದ ಮೇಲೆ ಹಾಲು ನಿಂತಿತು, ಗೌರಮ್ಮ ನಿಲ್ಲಲಿಲ್ಲ. ಹುರುಳಿಯ ಕಾಲದಲ್ಲಿ ಹುರುಳಿ, ಅವರೆಯ ಕಾಲದಲ್ಲಿ ಅವರೆ ಹಿಡಿದು ಬಸ್ಸು ಹತ್ತಿ ಬರುತ್ತಾಳೆ. ಬಂದರೆ ಮನೆಯ ಮೊಸರು ನೋಡದೆ ಹೋಗುವುದಿಲ್ಲ. ನೋಡಿ ಮುಚ್ಚಳ ಮುಚ್ಚುತ್ತಾಳೆ. ಆ ಮುಚ್ಚುವ ರೀತಿಯಲ್ಲಿ ಎಲ್ಲ ಇರುತ್ತದೆ.

ಅವಳ ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು, ಒಂದು ಹಳ್ಳೀಕಾರ್ ತಳಿಯ ನಾಟಿ ಹಸು. ಸೀಮೆಹಸುಗಳ ಹಾಲು ಡೈರಿಗೆ. ನಾಟಿ ಹಸುವಿನ ಹೆಸರು ಬೆಳ್ಳಿ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದ ಕೋಡು, ಯಾರನ್ನೂ ಲೆಕ್ಕಕ್ಕಿಡದ ನೋಟ. ಹೊತ್ತಿಗೆ ಎರಡು ಲೀಟರು ಕೊಟ್ಟರೆ ಅದೇ ದೊಡ್ಡದು, ಅದೂ ಕರು ಎದುರಿಗಿದ್ದರೆ. ಗೌರಮ್ಮನ ಗಂಡ ಶಿವಣ್ಣನಿಗೆ ಈ ಹಸುವನ್ನು ಕಂಡರೆ ಆಗದು. “ನಾಕು ಜನಕ್ಕೆ ಆಗೋ ಮೇವು ತಿಂದು ಲೋಟದಲ್ಲಿ ಆಲು ಕೊಡ್ತದೆ. ಕೊಟ್ಬುಡದಾ ಕಣೆ” ಎಂದು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದ. ಆ ಹಸುವಿನ ಅಜ್ಜಿ ಗೌರಮ್ಮನ ಜೊತೆಯಲ್ಲೇ ತವರಿನಿಂದ ಬಂದದ್ದು. ಹೀಗಾಗಿ ಶಿವಣ್ಣನ ಆ ಮಾತು ಆಕೆಗೆ ಹಸುವಿಗಲ್ಲ, ತನಗೇ ಹೇಳಿದ ಹಾಗೆ ಕೇಳುತ್ತಿತ್ತು.

ಇಷ್ಟರಲ್ಲಿ ಕ್ಲೇರ್ ಎಂಬ ಫ್ರೆಂಚ್ ಹೆಂಗಸು ಸೈಕಲ್ಲಿನ ಮೇಲೆ ಬಂದಳು. ಶ್ರೀರಂಗಪಟ್ಟಣದ ಕೋಟೆ ನೋಡಿ, ಪಾಂಡವಪುರದ ಮೇಲೆ ಮೇಲುಕೋಟೆ ಹತ್ತಿ, ಅಲ್ಲಿಂದ ನಾಗಮಂಗಲಕ್ಕೆ ಹೋಗುವವಳು ಫೋನಿನಲ್ಲಿದ್ದ ದಾರಿ ನಂಬಿ ದೇವಲಾಪುರದ ಹೊಲಗಳ ನಡುವೆ ಬಂದುಬಿಟ್ಟಿದ್ದಳು. ಜ್ವರ ಬೇರೆ. ಗೌರಮ್ಮನ ಜಗಲಿಯ ಮೇಲೆ ಕೂತವಳು ಏಳಲಿಲ್ಲ. ಗೌರಮ್ಮ ನನಗೆ ಫೋನು ಮಾಡಿ, “ಟೀಚರಮ್ಮ, ಒಂದು ಬಿಳೀ ಎಣ್ಣುಮಗಳು ಬಂದು ಬಿದ್ದದೆ. ಏನೋ ಏಳ್ತದೆ, ಒಂದೂ ತಿಳೀತಿಲ್ಲ. ಬನ್ನಿ” ಅಂದಳು. ಹೋದೆ. ಡಾಕ್ಟರು ಮಾತ್ರೆ ಕೊಟ್ಟು ಹೋಗಿದ್ದರು. ಮೂರನೆಯ ದಿನ ಜ್ವರ ಬಿಟ್ಟು ಕ್ಲೇರ್‌ಗೆ ಹಸಿವಾಯಿತು. ಬೆಳ್ಳಿ ಆಗಷ್ಟೇ ಕರು ಹಾಕಿದ್ದರಿಂದ ಗೌರಮ್ಮ ಗಿಣ್ಣು ಬೇಯಿಸಿದ್ದಳು. ಕ್ಲೇರ್ ಒಂದು ತುಂಡು ಬಾಯಿಗಿಟ್ಟಳು. ಆಮೇಲೆ ಹೊರಗೆ ಬಂದು ಬೆಳ್ಳಿಯನ್ನು ನೋಡಿ, ತನ್ನ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಕಡುಗೆಂಪು ಬಣ್ಣದ ಹಸು, ಮೇಲೆದ್ದ ಉದ್ದ ಕೋಡು. ಅವಳ ತಾಯಿ ಸಾಕುವ ಹಸುವಂತೆ. ಒವೆರ್ನ್ ಎಂಬ ಬೆಟ್ಟದ ಸೀಮೆಯಲ್ಲಿ ಇರುವುದಂತೆ. ಕರು ಬಿಡದಿದ್ದರೆ ಅದೂ ಹಾಲು ಕೊಡುವುದಿಲ್ಲವಂತೆ. ಅಂಥ ಹಸುವಿನ ಹಾಲಿನಿಂದ ಅವಳ ತಾಯಿ ಚೀಸ್ ಮಾಡುತ್ತಾಳಂತೆ, ಅದು ಒಂದು ವರ್ಷವಾದರೂ ಕೆಡದಂತೆ.

ನಾನು ಇಷ್ಟನ್ನೂ ಕನ್ನಡದಲ್ಲಿ ಹೇಳಿ ಮುಗಿಸಿದಾಗ ಗೌರಮ್ಮ ಶಿವಣ್ಣನ ಕಡೆ ಒಂದು ಸಲ ನೋಡಿದಳು. “ಎರಡು ಲೀಟ್ರಲ್ಲೂ ಮಾಡಬೋದಾ ಕೇಳಿ” ಅಂದಳು. ಮಾಡಬಹುದು, ಸಣ್ಣದಾಗಿ, ಅಂದಳು ಕ್ಲೇರ್. “ನಾನು ಕಲೀತೀನಿ” ಅಂದಳು ಗೌರಮ್ಮ. ಹೀಗೆ ನಾವು ಫ್ರಾನ್ಸಿಗೆ ಹೋಗುವುದು ನಿಶ್ಚಯವಾಯಿತು. ಕ್ಲೇರ್ ತನ್ನ ತಾಯಿಯ ಬಳಿಗೆ ಕರೆದದ್ದು ಗೌರಮ್ಮನನ್ನು ಮಾತ್ರ. “ನೀವು ಬರ್ದಿದ್ರೆ ನಾನೇನು ಅಲ್ಲಿ ಮೂಕಿ ತರ ಕೂತಿರ್ಲಾ?” ಎಂದು ಅವಳು ನನ್ನನ್ನು ಹೊರಡಿಸಿದಳು.

ವೀಸಾ ಕಚೇರಿಯಲ್ಲಿ ಕನ್ನಡ ಬಲ್ಲ ಹುಡುಗಿಯೊಬ್ಬಳು, “ಯಾಕೆ ಹೋಗ್ತಿದ್ದೀರಮ್ಮ?” ಎಂದು ಕೇಳಿದಳು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿಸಿದ್ದೆ, ‘ಪ್ರವಾಸಕ್ಕೆ’ ಎನ್ನಬೇಕು ಎಂದು. ಗೌರಮ್ಮ ಸೆರಗು ಸರಿಮಾಡಿಕೊಂಡು, “ಅಸ ನೋಡಕ್ಕೆ ಕಣವ್ವ” ಅಂದಳು. ಹುಡುಗಿ ಏನು ಬರೆದುಕೊಂಡಳೋ ತಿಳಿಯದು. ವೀಸಾ ಬಂತು.

ವಿಮಾನದಲ್ಲಿ ನನಗೆ ನಿದ್ದೆ ಬಾರದೆ ಹಾಲಿನ ಬಗ್ಗೆ ಯೋಚಿಸುತ್ತಿದ್ದೆ. ನಮ್ಮ ಕಡೆ ಹಾಲಿಗೆ ಒಂದು ಮರ್ಯಾದಸ್ಥ ದಾರಿ ಇದೆ. ಕಾಯಬೇಕು, ಹೆಪ್ಪು ಬೀಳಬೇಕು, ಮೊಸರಾಗಿ, ಕಡೆಸಿಕೊಂಡು ಬೆಣ್ಣೆಯಾಗಿ, ತುಪ್ಪವಾಗಿ ದೇವರ ದೀಪದವರೆಗೆ ಹೋಗಬೇಕು. ಈ ದಾರಿ ಬಿಟ್ಟರೆ ಹಾಲು ‘ಒಡೆಯಿತು’ ಅನ್ನುತ್ತೇವೆ. ಮನೆ ಒಡೆಯಿತು, ಪಕ್ಷ ಒಡೆಯಿತು, ಕಟ್ಟೆ ಒಡೆಯಿತು, ಹಾಲು ಒಡೆಯಿತು. ಎಲ್ಲಕ್ಕೂ ಒಂದೇ ಕ್ರಿಯಾಪದ. ಮೇಲುಕೋಟೆಯ ನಮ್ಮ ತಾಯಿಯ ಮನೆಯಲ್ಲಿ, ದೇವಸ್ಥಾನದ ಅಡುಗೆ ಮಾಡುತ್ತಿದ್ದ ತಂದೆಯವರು, ಹಾಲು ಒಡೆದ ದಿನ ಮುಖ್ಯವಾದ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಬೇಕೆಂದೇ ಹಾಲು ಒಡೆಸಿ, ಅದನ್ನು ನೆಲದೊಳಗೆ ಇಟ್ಟು, ಬೂಸ್ಟು ಬರಲೆಂದು ಕಾಯುವ ಜನರ ಊರಿಗೆ ಅವರ ಮಗಳು ಹೊರಟಿದ್ದಳು. ಪೆಟ್ಟಿಗೆಯಲ್ಲಿ ಪುಳಿಯೋಗರೆ ಗೊಜ್ಜಿನ ಬಾಟಲಿ ಎರಡಿತ್ತು.

ಕ್ಲೇರ್‌ಳ ತಾಯಿಯ ಹೆಸರು ಒಡೆಟ್. ಎಪ್ಪತ್ತು ದಾಟಿದ, ಗಿಡ್ಡ, ಗಟ್ಟಿ ಹೆಂಗಸು. ಗೌರಮ್ಮ ಅವಳ ಹೆಸರನ್ನು ಒಂದು ಸಲ ಕೇಳಿ, ಬಾಯಲ್ಲಿ ಒಂದು ಸುತ್ತು ತಿರುಗಿಸಿ, “ಒಡತಮ್ಮ” ಮಾಡಿಬಿಟ್ಟಳು. ಐವತ್ತು ಹಸುವಿನ ಒಡತಿಗೆ ಅದಕ್ಕಿಂತ ಒಪ್ಪುವ ಹೆಸರು ಯಾರು ಇಟ್ಟಾರು? ಅವಳಿಗೆ ಇಂಗ್ಲಿಷ್ ಬಾರದು. ಗೌರಮ್ಮನ ಮಾತು ನನ್ನಿಂದ ಇಂಗ್ಲಿಷಿಗೆ, ಕ್ಲೇರ್‌ಳಿಂದ ಫ್ರೆಂಚಿಗೆ ಹೋಗಿ, ಅದೇ ದಾರಿಯಲ್ಲಿ ಉತ್ತರ ಹಿಂದಿರುಗಬೇಕಿತ್ತು. ಕಿಕ್ಕೇರಿಗೆ ಹೋಗಲು ಎರಡು ಕಡೆ ಬಸ್ಸು ಬದಲಿಸಿದ ಹಾಗೆ.

ಮೊದಲ ಎರಡು ದಿನ ಕ್ಲೇರ್ ನಮ್ಮನ್ನು ಕಾರಿನಲ್ಲಿ ಹಳ್ಳಿ ಹಳ್ಳಿ ಸುತ್ತಿಸಿದಳು. ಹಸಿರು ಗುಡ್ಡ, ಕಪ್ಪು ಕಲ್ಲಿನ ಮನೆ, ಎಲ್ಲಿ ನೋಡಿದರೂ ದನ. ಜನವೇ ಕಾಣರು. “ಈ ಊರ್ನೋರೆಲ್ಲ ಎಲ್ಲೋದ್ರು?” ಎಂದು ಗೌರಮ್ಮ ಕೇಳುತ್ತಿದ್ದಳು. ಒಂದು ಕಡೆ ಗಂಡ ಹೆಂಡತಿ ಇಬ್ಬರೇ ನಲವತ್ತು ಮೇಕೆ ಕರೆದು ಅಂಗೈಯಗಲದ ಚೀಸಿನ ಬಿಲ್ಲೆಗಳನ್ನು ಮಾಡಿ, ಒಲೆಯ ಬೂದಿಯಲ್ಲಿ ಹೊರಳಿಸಿ ಇಡುತ್ತಿದ್ದರು. ಇನ್ನೊಂದು ಕಡೆ ಒಬ್ಬ ಮುದುಕ ನಮ್ಮನ್ನು ಗುಹೆಯೊಳಕ್ಕೆ ಕರೆದೊಯ್ದ. ನೀಲಿ ಬೂಸ್ಟು ಹಿಡಿದ ಚೀಸು ಸಾಲಾಗಿ ಕೂತಿದ್ದವು. ನಮ್ಮ ಮನೆಯಲ್ಲಾಗಿದ್ದರೆ ಉಪ್ಪಿನಕಾಯಿಯ ಜಾಡಿಯ ಮೇಲೆ ಆ ಬಣ್ಣ ಕಂಡ ದಿನ ಜಾಡಿಯ ಸಮೇತ ತಿಪ್ಪೆಗೆ ಹೋಗುತ್ತಿತ್ತು. ಆತ ಮಾತ್ರ ಮೊಮ್ಮಕ್ಕಳನ್ನು ತೋರಿಸುವವನ ಹಾಗೆ ಒಂದೊಂದನ್ನೂ ಎತ್ತಿ ತೋರಿಸಿದ. ವಾಸನೆಯ ವಿಷಯ ಹೇಳುವುದಿಲ್ಲ. ಮಳೆಗಾಲದಲ್ಲಿ ಹೈಸ್ಕೂಲಿನ ಆಟದ ಕೋಣೆಯ ಬಾಗಿಲು ತೆಗೆದ ಅನುಭವ ಇದ್ದವರಿಗೆ ಹೇಳಬೇಕಾಗಿಲ್ಲ. ಮರ್ಯಾದೆಗೆ ಒಂದು ಚೂರು ತಿಂದೆ. ಎರಡನೆಯ ಚೂರನ್ನು ಮರ್ಯಾದೆಯ ಹಂಗಿಲ್ಲದೆ ತಿಂದೆ.

ಮೂರನೆಯ ದಿನ ಬೆಳಿಗ್ಗೆ ಒಡತಮ್ಮನ ಕೊಟ್ಟಿಗೆ. ಒಂದೊಂದೇ ಕರುವನ್ನು ಬಿಡುತ್ತಾರೆ. ಅದು ತಾಯಿಯನ್ನು ಹುಡುಕಿ ಹೋಗಿ ಬಾಯಿ ಹಾಕುತ್ತದೆ. ಹಾಲು ಇಳಿದೊಡನೆ ಕರುವನ್ನು ಎಳೆದು ಹಸುವಿನ ಮುಂಗಾಲಿಗೆ ಕಟ್ಟಿ, ಅದರ ಬೆನ್ನಿಗೆ ಒಂದು ಹಿಡಿ ಉಪ್ಪು ಎರಚುತ್ತಾರೆ. ತಾಯಿ ಕರುವನ್ನು ನೆಕ್ಕುತ್ತ ನಿಲ್ಲುತ್ತದೆ, ಇವರು ಕರೆಯುತ್ತಾರೆ. ಆಗಲೇ ಗೌರಮ್ಮ ನನ್ನ ಮೊಣಕೈ ತಿವಿದದ್ದು, ನನ್ನ ಇಂಗ್ಲಿಷ್ ಕೈಕೊಟ್ಟದ್ದು. ನಾನು ತಡವರಿಸುತ್ತಿದ್ದೆ. ಗೌರಮ್ಮ ಕಾಯಲಿಲ್ಲ. ಸೀದಾ ಹೋಗಿ ಹಸುವಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕೆಚ್ಚಲಿನ ಮೇಲೆ ಅಂಗೈ ಇಟ್ಟು, ಒಡತಮ್ಮನ ಮುಖ ನೋಡಿ ತಲೆಯಾಡಿಸಿದಳು. ಒಡತಮ್ಮನೂ ತಲೆಯಾಡಿಸಿದಳು. ಆ ಹಸು ಹೊಸಬಳನ್ನು ಒದೆಯಲಿಲ್ಲ. “ನಮ್ಮ ಬೆಳ್ಳಿಯಂಗೇಯ ಕಣಮ್ಮ, ಸಿಟ್ಟಿರೋದೆಲ್ಲ ಕಣ್ಣಲ್ಲಿ ಅಷ್ಟೇಯ” ಅಂದಳು ಗೌರಮ್ಮ. ಅದನ್ನು ಅನುವಾದಿಸಲು ಹೋದೆ, ಇಬ್ಬರೂ ನನ್ನ ಕಡೆ ನೋಡಲಿಲ್ಲ. ಅಂದಿನಿಂದ ನನ್ನ ಕೆಲಸ ಅರ್ಧವಾಯಿತು.

ಕರೆದ ಹಾಲು ಬಿಸಿ ಆರುವ ಮೊದಲೇ ದೊಡ್ಡ ಮರದ ತೊಟ್ಟಿಗೆ ಬೀಳುತ್ತದೆ. ಆ ತೊಟ್ಟಿಗೆ ಸೋಪು ಸೋಕಿಸುವುದಿಲ್ಲ. ಹಾಲಿಗೆ ಬೇಕಾದ ಹುಳಿಯೆಲ್ಲ ಮರದ ಒಳಗೇ ಕೂತಿರುತ್ತದಂತೆ. ಇದನ್ನು ಕೇಳಿ ಗೌರಮ್ಮ ತನ್ನ ಅತ್ತೆಯ ಕಾಲದ ಮೊಸರಿನ ಗಡಿಗೆಯ ಕಥೆ ಹೇಳಿದಳು. ಆಮೇಲೆ ಒಡತಮ್ಮ ಸಣ್ಣ ಶೀಶೆಯಿಂದ ಏನನ್ನೋ ಸುರಿದಳು. ಒಂದು ಗಂಟೆಯಲ್ಲಿ ತೊಟ್ಟಿಯ ಹಾಲೆಲ್ಲ ಗಿಣ್ಣಿನ ಹಾಗೆ ಕಟ್ಟಿತು.

“ಆ ಶೀಶೆಯಲ್ಲಿರುವುದು ಏನು?” ಎಂದು ನಾನು ಕೇಳಿದೆ. ಮೇಷ್ಟರ ಬುದ್ಧಿ, ಎಲ್ಲದಕ್ಕೂ ಹೆಸರು ಬೇಕು. ಎಳೆಗರುವಿನ ಹೊಟ್ಟೆಯ ಒಳಪದರದಿಂದ ತೆಗೆದ ರಸ ಎಂದು ಕ್ಲೇರ್ ಸಹಜವಾಗಿ ಹೇಳಿದಳು. ಇಲ್ಲಿ ಎಲ್ಲ ಚೀಸಿಗೂ ಅದನ್ನೇ ಹಾಕುತ್ತೇವೆ ಅಂದಳು. ನಾನು ಆ ಎರಡು ದಿನಗಳಲ್ಲಿ ತಿಂದದ್ದನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದೆ. ಮೇಕೆಯದು, ಗುಹೆಯದು, ಗುಹೆಯದೇ ಎರಡನೆಯ ಚೂರು, ರಾತ್ರಿ ಬ್ರೆಡ್ಡಿನ ಜೊತೆ ಒಡತಮ್ಮ ಕೊಟ್ಟದ್ದು. ದೇವಸ್ಥಾನದ ಅಡುಗೆಮನೆಯ ಮಗಳು ನಾನು, ಈರುಳ್ಳಿಯನ್ನು ಮದುವೆಯಾದ ಮೇಲೆ ಕಲಿತವಳು. ಹೊರಗೆ ಬಂದು ಕಲ್ಲಿನ ಮೇಲೆ ಕೂತೆ. ಗೌರಮ್ಮ ಹಿಂದೆಯೇ ಬಂದು ವಿಷಯ ಕೇಳಿ, “ತಿಂದಾಗೋಯ್ತಲ್ಲ, ಇನ್ನೇನ್ ಮಾಡೀರಿ? ಈಗ ಕಕ್ಕುದ್ರೂ ಫ್ರಾನ್ಸಲ್ಲೇ ಬೀಳ್ತದೆ, ಮೇಲುಕೋಟೆಗೇನೂ ಬರಾಕಿಲ್ಲ” ಅಂದಳು. ನಗು ಬಂತು. ನಗು ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಕಷ್ಟ.

ಆದರೆ ಅವಳೂ ಆ ವಿಷಯ ಬಿಟ್ಟಿರಲಿಲ್ಲ. ಮಾಂಸ ತಿನ್ನುವ ಮನೆಯವಳೇ, ಆದರೂ “ಕರೀನ ಒಟ್ಟೇದು ಬೆಳ್ಳಿ ಆಲಿಗೆ ಆಕಾಕೆ ನನ್ ಕೈ ಬರಾಕಿಲ್ಲ. ಗಿಡದ್ದೇನಾದ್ರೂ ಇಲ್ವಾ ಕೇಳಿ” ಅಂದಳು. ಒಡತಮ್ಮ ಯೋಚಿಸಿದಳು. ಅವಳ ಅಜ್ಜಿ ಬಿಸಿಲು ಸೀಮೆಯವಳು, ಅಂಜೂರದ ರೆಂಬೆ ಮುರಿದಾಗ ಬರುವ ಹಾಲಿನಿಂದಲೇ ಮಾಡುತ್ತಿದ್ದಳಂತೆ. ಸ್ವಲ್ಪ ಕಹಿ ಬರುತ್ತದಂತೆ. ಕ್ಲೇರ್ ಫೋನಿನಲ್ಲಿ ಅಂಜೂರದ ಗಿಡ ತೋರಿಸಿದಳು. ಗೌರಮ್ಮ ಕಾಯಿಯನ್ನು ನೋಡಿ, “ಇದು ಅತ್ತಿ ಜಾತಿ ಕಣಮ್ಮ. ನಮ್ಮ ಒಲದ ಬದೀಲೇ ನಿಂತದೆ!” ಎಂದು ಕೂಗಿದಳು.

ನಾಲ್ಕನೆಯ ದಿನ ಬೇಸರದ ಸಂಗತಿ ನಡೆಯಿತು. ತೊಟ್ಟಿಯಲ್ಲಿ ಕಟ್ಟಿದ್ದ ಹಾಲನ್ನು ತಂತಿಗಳಿರುವ ಒಂದು ಉದ್ದ ಕೋಲಿನಿಂದ ಕೊಯ್ದು ಸಣ್ಣ ಹರಳು ಮಾಡಬೇಕು. ಒಡತಮ್ಮ ಆ ಕೋಲನ್ನು ಗೌರಮ್ಮನ ಕೈಗೆ ಕೊಟ್ಟು, ಹೇಗೆಂದು ತೋರಿಸಿ, ಕರು ಬಿಚ್ಚಿಕೊಂಡಿದೆ ಎಂದು ಯಾರೋ ಕರೆದದ್ದಕ್ಕೆ ಹೊರಗೆ ಹೋದಳು. ನಲವತ್ತು ವರ್ಷ ಮೊಸರು ಕಡೆದ ಕೈ ಅದು. ಕಡೆಗೋಲಿನಂಥದ್ದು ಸಿಕ್ಕಿದೊಡನೆ ತನ್ನ ಪಾಡಿಗೆ ಕಡೆಯತೊಡಗಿತು. ನಾನು ಪಕ್ಕದಲ್ಲಿ ನಿಂತು, ಎಷ್ಟು ಲಯವಾಗಿ ಮಾಡುತ್ತಾಳೆ ಎಂದು ಮೆಚ್ಚುತ್ತಿದ್ದೆ. ಒಡತಮ್ಮ ಬಂದು ನೋಡುವಾಗ ತೊಟ್ಟಿಯಲ್ಲಿ ಹರಳು ಇರಲಿಲ್ಲ, ರಾಗಿ ನುಚ್ಚಿನಂಥದ್ದು ತೇಲುತ್ತಿತ್ತು. ತಿಳಿಯಾಗಿರಬೇಕಾದ ನೀರು ಬೆಳ್ಳಗೆ ಹಾಲಾಗಿತ್ತು. ಜಿಡ್ಡೆಲ್ಲ ಅದಕ್ಕೆ ಹೋಗಿತ್ತು. ಒಡತಮ್ಮ ಒಂದು ಮಾತು ಜೋರಾಗಿ ಕೂಗಿದಳು. ಕ್ಲೇರ್ ಅದನ್ನು ಅನುವಾದಿಸಲಿಲ್ಲ, ಅಗತ್ಯವೂ ಇರಲಿಲ್ಲ.

ಗೌರಮ್ಮ ಕೋಲು ಕೆಳಗಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾನು ಗೊಜ್ಜು ಕಲಸಿದ ಅನ್ನ ತಂದರೂ ಮುಟ್ಟಲಿಲ್ಲ. “ಅಷ್ಟೊಂದು ಅಸೀನ ಆಲು ಟೀಚರಮ್ಮ. ಕರೀನ ಬಾಯಿಂದ ಕಿತ್ಕಂಡು ಕರ್ದಿದ್ ಆಲು. ನಾನು ನೀರು ಮಾಡ್ಬುಟ್ಟೆ” ಅಂದಳು. ಕಣ್ಣಲ್ಲಿ ನೀರು. ಅವಳು ಅತ್ತದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. “ಅವ್ರು ಏಳೋದೇ ಸರಿ. ಎರಡು ಲೀಟ್ರು ಅಸ ಮಡೀಕಂಡು ಇದ್ನೆಲ್ಲ ಯಾಕ್ ಮಾಡಾಕೋದೆ?” ‘ಅವ್ರು’ ಅಂದರೆ ಶಿವಣ್ಣ. ನಾನು ಅನ್ನದ ತಟ್ಟೆ ಬದಿಗಿಟ್ಟು ಅವಳ ಪಕ್ಕ ಕೂತೆ.

ಸಂಜೆ ಒಡತಮ್ಮ ಎರಡು ಬಕೆಟ್ಟು ಹಿಡಿದು ಬಂದಳು. ಒಂದನ್ನು ಗೌರಮ್ಮನ ಕೈಗೆ ಕೊಟ್ಟು ಹಂದಿಗಳ ಗೂಡಿನ ಕಡೆ ನಡೆದಳು. ನಾನೂ ಕ್ಲೇರೂ ಹಿಂದೆ ಹೋದೆವು. ಕೆಟ್ಟ ಹಾಲನ್ನು ಗೋದಲಿಗೆ ಸುರಿದಾಗ ಹಂದಿಗಳಿಗೆ ಆದ ಸಂತೋಷ ನೋಡಬೇಕಿತ್ತು. ಒಡತಮ್ಮ ಅವುಗಳ ಕಡೆ ಕೈ ತೋರಿಸಿ ಒಂದು ಕಥೆ ಹೇಳಿದಳು. ಎರಡು ಬಸ್ಸು ಬದಲಿಸಿ ಅದು ನಮ್ಮ ತನಕ ಬಂತು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಅವಳು ಒಂದು ತಿಂಗಳು ದಿನವೂ ಹಾಲು ಕೆಡಿಸಿದಳಂತೆ. ಅದನ್ನು ತಿಂದು ಎರಡು ಹಂದಿಗಳು ಸುತ್ತಲ ಊರಲ್ಲೆಲ್ಲ ಇಲ್ಲದಷ್ಟು ಕೊಬ್ಬಿದವಂತೆ. ಅತ್ತೆ ಒಂದಕ್ಕೆ ಒಡೆಟ್ ಎಂದೂ ಇನ್ನೊಂದಕ್ಕೆ ಒಡೆಟ್‌ಳ ಅಮ್ಮನ ಹೆಸರನ್ನೂ ಇಟ್ಟಳಂತೆ. ಗೌರಮ್ಮ ಮೊದಲು ನಂಬಲಿಲ್ಲ. “ನಿಜ್ವಾ?” ಎಂದು ಕೇಳಿಸಿದಳು. ಒಡತಮ್ಮ ಎದೆಯ ಮೇಲೆ ಕೈ ಇಟ್ಟು ತಲೆಯಾಡಿಸಿದಾಗ ಗೌರಮ್ಮನಿಗೆ ನಗು ತಡೆಯಲಾಗಲಿಲ್ಲ. “ಅತ್ತೇರು ಎಲ್ಲಾ ಕಡೇನೂ ಒಂದೇ ಅನ್ನಿ” ಎಂದು ಸೆರಗಿನಲ್ಲಿ ಕಣ್ಣೊರಸಿಕೊಂಡಳು. ರಾತ್ರಿ ಎರಡು ಸಲ ಅನ್ನ ಬಡಿಸಿಕೊಂಡಳು.

ಮರುದಿನ ಒಡತಮ್ಮ ಅವಳ ಬೆನ್ನ ಹಿಂದೆ ನಿಂತು, ಅವಳ ಎರಡು ಕೈಗಳ ಮೇಲೆ ತನ್ನ ಕೈಗಳನ್ನು ಇಟ್ಟು ಕೋಲು ಆಡಿಸಿದಳು. ಒಂದು ಎಳೆತ, ಒಂದು ಉಸಿರು. ಮತ್ತೊಂದು ಎಳೆತ. “ದೂಸ್ಮಾ, ದೂಸ್ಮಾ” ಅನ್ನುತ್ತಿದ್ದಳು. ಮೆಲ್ಲಗೆ ಎಂದರ್ಥ. ಇಬ್ಬರು ಹೆಂಗಸರ ತಲೆ ಒಂದರ ಹಿಂದೆ ಒಂದು, ಒಂದು ಬೆಳ್ಳಿಕೂದಲಿನದು, ಒಂದು ಎಣ್ಣೆ ಹಚ್ಚಿ ಬಾಚಿ ಗಂಟು ಹಾಕಿದ್ದು. ಅಂದು ಹಾಲು ಸರಿಯಾಗಿ ಒಡೆಯಿತು. ಹರಳು ಅವರೆಕಾಳಿನ ಗಾತ್ರದಲ್ಲಿ ಕೆಳಗೆ ಕೂತು, ಮೇಲೆ ಎಳನೀರಿನ ಹಾಗೆ ತಿಳಿನೀರು ನಿಂತಿತು. ಆ ಹರಳನ್ನು ಹಿಂಡಿ, ಪುಡಿ ಮಾಡಿ ಉಪ್ಪು ಬೆರೆಸಿ, ಬಟ್ಟೆಯಲ್ಲಿ ಕಟ್ಟಿ ಭಾರ ಹೇರಿ, ಆಮೇಲೆ ನೆಲಮಾಳಿಗೆಗೆ ಇಳಿಸುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಅದಕ್ಕೆ ಒಂದೇ ಸೇವೆ, ದಿನಕ್ಕೊಮ್ಮೆ ಉಪ್ಪುನೀರಿನ ಬಟ್ಟೆಯಿಂದ ಒರೆಸಿ ಮಗ್ಗಲು ತಿರುಗಿಸುವುದು. ಕತ್ತಲೆಯ ಆ ತಣ್ಣನೆಯ ಮಾಳಿಗೆಗೆ ಇಳಿದ ಗೌರಮ್ಮ ಗೋಡೆ ಮುಟ್ಟಿ ನೋಡಿ, “ಇದು ನಮ್ಮ ಅಗೇವು ಅಲ್ವಾ!” ಅಂದಳು. ಹಗೇವು ಎಂದರೆ ರಾಗಿಯನ್ನು ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಅವಳ ಅಂಗಳದ ಹಗೇವು ಚೀಲಗಳ ಕಾಲ ಬಂದ ಮೇಲೆ ಖಾಲಿ ಬಿದ್ದಿತ್ತು.

ಊರಿಗೆ ಬಂದ ಮೇಲೆ ಎಲ್ಲ ಸಲೀಸಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಶಿವಣ್ಣ ನಮ್ಮನ್ನು ಬಸ್‌ಸ್ಟಾಂಡಿನಲ್ಲಿ ಕಂಡು ಹೇಳಿದ ಮೊದಲ ಮಾತೇ, ಕೆ.ಆರ್.ಪೇಟೆಯ ಒಬ್ಬ ವ್ಯಾಪಾರಿ ಬೆಳ್ಳಿಯನ್ನು ನೋಡಿ ಹೋಗಿದ್ದಾನೆ, ಕಾರ್ತೀಕ ಕಳೆದ ಮೇಲೆ ಬಂದು ಹೊಡೆದುಕೊಂಡು ಹೋಗುತ್ತಾನೆ ಎಂಬುದು. ಗೌರಮ್ಮ ಚೀಲ ಹೆಗಲಿಗೇರಿಸಿ ಮನೆಯ ಕಡೆ ನಡೆದಳು. ಮರುದಿನವೇ ಅತ್ತಿಯ ರೆಂಬೆ ಮುರಿದಳು.

ಎಷ್ಟು ಹನಿ ಹಾಕಬೇಕೆಂದು ಹೇಳುವವರಿರಲಿಲ್ಲ. ಮೊದಲ ಸಲ ಹಾಲು ಕಟ್ಟಲೇ ಇಲ್ಲ. ಎರಡನೆಯ ಸಲ ಕಟ್ಟಿತು, ಬೇವಿನೆಲೆ ಅರೆದು ಹಾಕಿದಷ್ಟು ಕಹಿ. ಹನಿ ಕಡಿಮೆ ಮಾಡುತ್ತ ಹೋದ ಮೇಲೆ ಹದ ಸಿಕ್ಕಿತು. ಸೋಸುವ ಬಟ್ಟೆ ಬೇಕೆಂದಾಗ ನಾನು ಮೇಲುಕೋಟೆಯ ಮಗ್ಗದ ಹೊಸ ಪಂಚೆಯೊಂದನ್ನು ಹರಿದು ಕೊಟ್ಟೆ. ಅಚ್ಚಿಗೆ ಬೆಲ್ಲದ ಅಚ್ಚು, ಭಾರಕ್ಕೆ ರುಬ್ಬುವ ಗುಂಡು. ಹಗೇವಿನ ಬಾಯಿ ತೆಗೆದು ನಾಲ್ಕು ದಿನ ಗಾಳಿಯಾಡಿಸಿ, ದೀಪ ಇಳಿಬಿಟ್ಟು ಆರಲಿಲ್ಲವೆಂದು ನೋಡಿಕೊಂಡು ಗೌರಮ್ಮ ಏಣಿ ಇಳಿದಳು. ಮೊದಲು ಇಟ್ಟದ್ದನ್ನು ಇರುವೆ ತಿಂದವು. ಎರಡನೆಯದು ಕಪ್ಪಾಯಿತು. ಮೂರನೆಯದನ್ನು ಇಲಿ ಕೊಂಡೊಯ್ದಿತು. ನೀರು ತುಂಬಿದ ಬೋಗುಣಿಯ ನಡುವೆ ಕಲ್ಲಿಟ್ಟು, ಅದರ ಮೇಲೆ ಹಲಗೆ ಇಟ್ಟು, ಮೇಲೆ ತಂತಿಯ ಬುಟ್ಟಿ ಕವುಚಿ, ನಾಲ್ಕು ಬಿಲ್ಲೆಗಳನ್ನು ಇಟ್ಟಳು. ಅವು ಉಳಿದವು. ಊರಿನವರು ‘ಗೌರಮ್ಮ ಗಿಣ್ಣು ಹೂತಿಟ್ಟವಳೆ’ ಎಂದು ಆಡಿಕೊಂಡರು. ಶಿವಣ್ಣ ಅವರಿಗಿಂತ ಜೋರಾಗಿ ಆಡಿಕೊಂಡ.

ಅಷ್ಟರಲ್ಲಿ ಕಿಕ್ಕೇರಿಯಲ್ಲಿದ್ದ ಅವಳ ತಂಗಿಗೆ ಆಪರೇಷನ್ ಆಯಿತು. ಗೌರಮ್ಮ ಹೋಗಲೇಬೇಕು, ಹದಿನೈದು ದಿನ ಇರಲೇಬೇಕು. ಹೊರಡುವ ದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಉಪ್ಪುನೀರಿನ ಬಟ್ಟಲು, ಬಟ್ಟೆ ಎರಡನ್ನೂ ಜಗಲಿಯ ಮೇಲಿಟ್ಟು, ಗಂಡನ ಮುಖ ನೋಡದೆ, “ದಿನಾ ಒಂದ್ ದಪ ಇಳ್ದು, ಒರ್ಸಿ, ಮಗ್ಗಲು ತಿರುಗುಸ್ಬೇಕು. ಆಗಾಕಿಲ್ಲ ಅಂದ್ರೆ ಈಗ್ಲೇ ಏಳಿ, ತಿಪ್ಗೆ ಆಕಿ ಓಯ್ತೀನಿ” ಅಂದಳು.

“ನಾನೇನು ನಿನ್ ಚೀಸಿಗೆ ಸೂಲಗಿತ್ತಿಯೇನೇ?” ಎಂದು ಶಿವಣ್ಣ ಗೊಣಗಿದ. ಹೇಳಿದ್ದು ಅಷ್ಟೇ. ಆಗುವುದಿಲ್ಲ ಎನ್ನಲಿಲ್ಲ.

ಆ ಹದಿನೈದು ದಿನ ಏನಾಯಿತು ಎಂಬುದು ನನಗೆ ನೆರೆಯವರಿಂದ, ಗೌರಮ್ಮನಿಂದ ಗೊತ್ತಾದದ್ದು. ಮೊದಲ ದಿನ ಬೈಯುತ್ತ ಇಳಿದನಂತೆ. ಎರಡನೆಯ ದಿನ ಟಾರ್ಚು ಹಿಡಿದು ಇಳಿದನಂತೆ. ವಾರದ ಹೊತ್ತಿಗೆ ಒಂದು ಬಿಲ್ಲೆಯ ಮೇಲೆ ಕೆಂಪು ಚುಕ್ಕೆ ಕಂಡು, ಗೌರಮ್ಮನಿಗೆ ಫೋನು ಮಾಡಿ, “ಒಂದುಕ್ಕೆ ಮೈ ಸರಿಯಿಲ್ಲ ಕಣೆ, ಏನ್ ಮಾಡ್ಲಿ?” ಎಂದು ಕೇಳಿದನಂತೆ. ಅವಳು ತಂಗಿಯ ಹಾಸಿಗೆಯ ಪಕ್ಕ ಕೂತು, “ಉಪ್ಪು ಇನ್ನೊಂಚೂರು ಆಕಿ, ಮೆತ್ತಗೆ ಒರ್ಸಿ” ಅಂದಳಂತೆ. ಅವಳು ಹಿಂದಿರುಗಿದ ಮೇಲೂ ಶಿವಣ್ಣ ಬಟ್ಟಲು ಬಿಟ್ಟುಕೊಡಲಿಲ್ಲ. “ನಿನ್ಗೆ ಮಂಡಿ ನೋವು, ಏಣಿ ಗೀಣಿ ಯಾಕೆ?” ಅಂದ. ಗೌರಮ್ಮನಿಗೆ ಮಂಡಿ ನೋವು ಇರುವುದು ಅವನಿಗೆ ಹಿಂದೆ ಎಂದೂ ನೆನಪಾಗಿರಲಿಲ್ಲ.

ಕಾರ್ತೀಕ ಮುಗಿಯಿತು. ಮೊದಲ ಬಿಲ್ಲೆಯನ್ನು ಕೊಯ್ಯುವ ದಿನ ನನ್ನನ್ನು ಕರೆದಿದ್ದರು. ಒಳಗೆ ಹಳದಿ, ಸಣ್ಣ ಸಣ್ಣ ತೂತು, ಬಾಯಿಗಿಟ್ಟರೆ ಮೊದಲು ಉಪ್ಪು, ಆಮೇಲೆ ಹುಲ್ಲಿನ ಹಾಗಿನ ಒಂದು ಸಿಹಿ, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಅತ್ತಿಯ ತೆಳು ಕಹಿ. ಗೌರಮ್ಮ ರಾಗಿರೊಟ್ಟಿಯ ಮೇಲೆ ಇಟ್ಟು ಕೆಂಡದ ಹತ್ತಿರ ಹಿಡಿದು ಕೊಟ್ಟಳು. ನಾನು ಮೂರು ತಿಂದೆ. ಈ ಸಲ ಯಾವ ಕರುವಿನ ಲೆಕ್ಕವನ್ನೂ ನಾನು ಕೊಡಬೇಕಾಗಿರಲಿಲ್ಲ. ಕ್ಲೇರ್‌ಗೆ ಫೋನಿನಲ್ಲಿ ತೋರಿಸಿದೆವು. ಒಡತಮ್ಮ ಕನ್ನಡಕ ಹಾಕಿಕೊಂಡು ನೋಡಿ, ತೂತು ಇರಬಾರದಿತ್ತು ಅಂದಳು. ಆಮೇಲೆ ತನ್ನ ಮೂರನೆಯ ವರ್ಷದ್ದು ಇದಕ್ಕಿಂತ ಕೆಟ್ಟದಾಗಿತ್ತು ಎಂದೂ ಅಂದಳು. ಅದನ್ನು ಗೌರಮ್ಮ ನನ್ನಿಂದ ಎರಡು ಸಲ ಹೇಳಿಸಿಕೊಂಡಳು.

ನಾನು ಅಲ್ಲಿರುವಾಗಲೇ ಕೆ.ಆರ್.ಪೇಟೆಯ ವ್ಯಾಪಾರಿ ಟೆಂಪೊ ತೆಗೆದುಕೊಂಡು ಬಂದ. ರೊಟ್ಟಿ ತಟ್ಟುತ್ತಿದ್ದ ಗೌರಮ್ಮ ಒಲೆಯ ಮುಂದಿನಿಂದ ಏಳಲಿಲ್ಲ, ಆದರೆ ತಟ್ಟುವ ಸದ್ದು ನಿಂತಿತು. ಶಿವಣ್ಣ ಎದ್ದು ಹೊರಗೆ ಹೋದ. ಕಿಟಕಿಯಿಂದ ಕೇಳುತ್ತಿತ್ತು.

“ಏನ್ ಗೌಡ್ರೆ, ಅಸ ಬಿಚ್ಚಾನಾ?” 

“ಬಿಚ್ಚಬ್ಯಾಡಿ. ಬಂದಿದ್ದೀರಿ, ರೊಟ್ಟಿ ತಿನ್ಕಂಡೋಗಿ.”

“ಮಾತಾಗಿತ್ತಲ್ಲ?”

“ಆಗಿತ್ತು. ನನ್ ಮಾತು ತಪ್ಪೋಯ್ತು, ತಪ್ಪಾಯ್ತು ಅನ್ಕಳಿ. ಅಸ ಕೊಡಾಕಿಲ್ಲ.”

ವ್ಯಾಪಾರಿ ಸ್ವಲ್ಪ ಕೂಗಾಡಿ, ರೊಟ್ಟಿ ತಿಂದು, ಖಾಲಿ ಟೆಂಪೊ ಹೊಡೆದುಕೊಂಡು ಹೋದ. ಒಳಗೆ ತಟ್ಟುವ ಸದ್ದು ಮತ್ತೆ ಶುರುವಾಗಿತ್ತು, ಮೊದಲಿಗಿಂತ ಜೋರಾಗಿ. ನಾನು ಬಸ್ಸಿಗೆ ಹೊರಟಾಗ ಶಿವಣ್ಣ ನಿಲ್ದಾಣದವರೆಗೆ ಬಂದ. ಕೈಯಲ್ಲಿ ಮುತ್ತುಗದ ಎಲೆಯಲ್ಲಿ ಸುತ್ತಿದ ಒಂದು ತುಂಡು, ನಮ್ಮ ಯಜಮಾನರಿಗೆಂದು. ಅವನು ತಿಂದದ್ದನ್ನು ನಾನು ನೋಡಿರಲಿಲ್ಲ ಎಂದು ನೆನಪಾಯಿತು.

“ನೀವು ರುಚಿ ನೋಡಿದಿರಾ ಶಿವಣ್ಣ? ಹೇಗಿತ್ತು?”

ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದ. “ನೋಡ್ದೆ ಕಣ್ ಟೀಚರಮ್ಮ. ಅವ್ಳಿಗೆ ಏಳ್ಬ್ಯಾಡಿ. ಬಾಯಿಗಿಡಾಕಾಗಾಕಿಲ್ಲ, ಅದೇನ್ ತಿಂತೀರೋ ನೀವು.”

“ಮತ್ತೆ ಹಸು ಯಾಕೆ ಕೊಡಲಿಲ್ಲ?”

ಬಸ್ಸು ಬಂತು. ಶಿವಣ್ಣ ನನ್ನ ಚೀಲವನ್ನು ಮೆಟ್ಟಿಲ ಮೇಲಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ:

“ಅಸ ಓದ್ರೆ ಅದೂ ಓಯ್ತದಲ್ಲ. ದಿನಾ ಒಂದ್ ಕಿತ ಇಳ್ದು ಅದುನ್ನ ತಿರುಗುಸ್ದಿದ್ರೆ ನಂಗೆ ಏನೋ ಮರ್ತಂಗಾಯ್ತದೆ ಕಣಮ್ಮ.”